ಆರ್ಜಿನೀನ್ ಚಯಾಪಚಯ ಮತ್ತು ಲೀಶ್ಮೇನಿಯಾ

ದೇಹವನ್ನು ಹೊಕ್ಕ ರೋಗಾಣುಗಳನ್ನು ನುಂಗಿ ನಾಶಪಡಿಸುವ ಮ್ಯಾಕ್ರೋಫೇಜ್ ಎಂಬ ಭಕ್ಷಕಕೋಶವನ್ನೇ ನೆಲೆಯಾಗಿಸಿಕೊಂಡು ಅಲ್ಲಿಯೇ ವೃದ್ಧಿಹೊಂದುವ ಏಕಕೋಶ ಪರೋಪಜೀವಿ ಲೀಶ್ಮೇನಿಯಾ. ಕಾಳಾಜಾರ್ ಎಂಬ ರೋಗಕ್ಕೆ ಕಾರಣವಾದ ಪ್ರಭೇದವನ್ನು 1903ರಲ್ಲಿ ವಿಲಿಯಂ ಲೀಶ್ಮನ್ನನೂ ಮದರಾಸಿನಲ್ಲಿದ್ದ ಚಾರ್ಲ್ಸ್ ಡೊನೊವನ್ನನೂ ಪ್ರತ್ಯೇಕವಾಗಿ ವರ್ಣಿಸಲಾಗಿ, ರೊನಾಲ್ಡ್ ರಾಸನು ಇಬ್ಬರ ಹೆಸರನ್ನೂ ಕೂಡಿಸಿ ಅದನ್ನು ಲೀಶ್ಮೇನಿಯಾ ಡೊನೊವಾನಿ ಎಂದು ಕರೆದನು. ಈ ಜೀವಿವರ್ಗದ ಅಳಿವು ಉಳಿವುಗಳು ಬಹುಮಟ್ಟಿಗೆ ಆಶ್ರಯಕೋಶದ ಆರ್ಜಿನೀನ್ ಎಂಬ ಅಮೈನೋ ಆಮ್ಲವು ಯಾವ ಕಿಣ್ವದ ಪಾಲಾಗುವುದೆಂಬುದನ್ನು ಅವಲಂಬಿಸಿವೆಯೆಂಬುದು ತಿಳಿಯಲು ಮುಂದೆ ಸುಮಾರು ನೂರು ವರ್ಷಗಳೇ ಕಳೆಯಬೇಕಾಯಿತು.

ಆರ್ಜಿನೀನನ್ನು 1886ರಲ್ಲಿ ಶುಲ್ಟ್ಸೆ ಮತ್ತು ಸ್ಟೈಗರ್ ಲ್ಯೂಪಿನ್ ಗಿಡದ ಮೊಳಕೆಗಳಿಂದ ಬೇರ್ಪಡಿಸಿದರು. ಅದನ್ನು ಆರ್ನಿಥೀನ್ ಹಾಗೂ ಯೂರಿಯಾಗಳಾಗಿ ಒಡೆಯುವ ಆರ್ಜಿನೇಸ್ ಕಿಣ್ವವನ್ನು 1904ರಲ್ಲಿ ಕಾಸೆಲ್ ಮತ್ತು ಡೇಕಿನ್ ಕಂಡುಹಿಡಿದರು. 1932ರಲ್ಲಿ ಕ್ರೆಬ್ಸ್ ಮತ್ತು ಹೆನ್ಸೆಲೈಟ್ ನಿರೂಪಿಸಿದ ಯೂರಿಯಾ ಚಕ್ರದಲ್ಲಿ ಈ ಕಿಣ್ವಕ್ಕೆ ನಿಶ್ಚಿತ ಸ್ಥಾನ ದೊರೆತು, ಅದರ ಕಾರ್ಯಕ್ಷೇತ್ರವು ಮುಖ್ಯವಾಗಿ ಯಕೃತ್ತೆಂಬ ಭಾವನೆ ಬೇರೂರಿತು.

ಆರ್ಜಿನೀನಿನ ಇನ್ನೊಂದು ಮಾರ್ಗ ಬೆಳಕಿಗೆ ಬಂದದ್ದು ಮ್ಯಾಕ್ರೋಫೇಜುಗಳ ಅಧ್ಯಯನದಿಂದ. ಉತ್ತೇಜಿತ ಮ್ಯಾಕ್ರೋಫೇಜುಗಳು ನೈಟ್ರೈಟ್ ಮತ್ತು ನೈಟ್ರೇಟುಗಳನ್ನು ಸೃಜಿಸುವುದನ್ನು 1985ರಲ್ಲಿ ಸ್ಟ್ಯೂರ್ ಮತ್ತು ಮಾರ್ಲೆಟಾ ತೋರಿಸಿದರು. ಅವು ಗಂತಿಯ ಕೋಶಗಳನ್ನು ಕೊಲ್ಲಲು ಆರ್ಜಿನೀನ್ ಅವಶ್ಯವೆಂದು 1987ರಲ್ಲಿ ಹಿಬ್ಸ್ ಮತ್ತು ಸಂಗಡಿಗರು ರುಜುವಾತುಪಡಿಸಿದರು. ಆರ್ಜಿನೀನಿನಿಂದ ಹುಟ್ಟುವ ಘಾತಕವಸ್ತು ನೈಟ್ರಿಕ್ ಆಕ್ಸೈಡ್ ಎಂಬುದು ಮರುವರ್ಷ ಸ್ಪಷ್ಟವಾಯಿತು. 1990ರಲ್ಲಿ ಆರ್ಜಿನೀನಿನ ಈ ಪಾತ್ರದ ಪರೀಕ್ಷೆಯನ್ನು ಲೀಶ್ಮೇನಿಯಾ ಮೇಜರ್ ಸೋಂಕಿದ ಇಲಿಯ ಮ್ಯಾಕ್ರೋಫೇಜುಗಳ ಮೇಲೆ ನಡೆಸಿದಾಗ, ಆರ್ಜಿನೀನನ್ನು ಹೋಲುವ ಮಾನೋಮಿಥೈಲ್ ಆರ್ಜಿನೀನನ್ನು ಬೆರೆಸಿದೊಡನೆ ಪರೋಪಜೀವಿಗಳ ಸಂಹಾರ ಕುಂಠಿತವಾಯಿತು. ನಿಜವಾದ ಆರ್ಜಿನೀನನ್ನು ಹೇರಳವಾಗಿ ಒದಗಿಸಲು ಸಂಹಾರ ಮತ್ತೆ ಮೊದಲಾಯಿತು.

ಆದರೆ ಇಂಟರ್‌ಲ್ಯೂಕಿನ್-4ರಂಥ ಸಂಕೇತಗಳಿಂದ ಅದೇ ಕೋಶದಲ್ಲಿ ಆರ್ಜಿನೇಸ್ ಪ್ರಬಲವಾದರೆ, ಆರ್ಜಿನೀನ್ ಆರ್ನಿಥೀನಾಗಿ, ಅನಂತರ ಪಾಲಿಅಮೀನುಗಳಾಗಿ ಮಾರ್ಪಟ್ಟು, ಪರೋಪಜೀವಿಯ ವೃದ್ಧಿಗೇ ನೆರವಾಗುತ್ತದೆ. ನೈಟ್ರಿಕ್ ಆಕ್ಸೈಡ್ ತಯಾರಾಗುವಾಗ ನಡುವೆ ಹುಟ್ಟುವ ಹೈಡ್ರಾಕ್ಸಿ ಆರ್ಜಿನೀನ್ ಆರ್ಜಿನೇಸನ್ನು ತಡೆದು ಲೀಶ್ಮೇನಿಯಾದ ಬೆಳವಣಿಗೆಯನ್ನು ಕುಗ್ಗಿಸುವುದೆಂದು 2001ರಲ್ಲಿ ಇನಿಯೆಸ್ತಾ ಮತ್ತು ಸಹೋದ್ಯೋಗಿಗಳು ತಿಳಿಸಿದ ಮೇಲೆ, ಒಂದು ಮಾರ್ಗವು ಇನ್ನೊಂದನ್ನು ನಿಯಂತ್ರಿಸುವ ಬಗೆ ವಿಶದವಾಯಿತು. ವ್ರಣಸ್ಥಾನದಲ್ಲಿ ಆರ್ಜಿನೀನ್ ಬರಿದಾದರೆ ರೋಗನಿರೋಧಕ ಟಿ-ಕೋಶಗಳ ಪ್ರತಿಕ್ರಿಯೆಯೂ ಕುಗ್ಗುವುದೆಂಬುದು ಮುಂದಿನ ಸಂಶೋಧನೆಗಳಿಂದ ಗೊತ್ತಾಯಿತು.

ಈ ಜ್ಞಾನದ ಬಹುಭಾಗ ಇಲಿಗಳಿಂದ ದೊರೆತದ್ದು. ಮಾನವನ ಮ್ಯಾಕ್ರೋಫೇಜುಗಳು ಪ್ರಯೋಗಶಾಲೆಯಲ್ಲಿ ಅಷ್ಟು ವಿಪುಲವಾಗಿ ನೈಟ್ರಿಕ್ ಆಕ್ಸೈಡನ್ನು ಉತ್ಪಾದಿಸುವುದಿಲ್ಲ. ಅವನ ಬಿಳಿರಕ್ತಕಣಗಳಲ್ಲಿ ಆರ್ಜಿನೇಸಿನ ಮುಖ್ಯ ಭಂಡಾರ ನ್ಯೂಟ್ರೋಫಿಲುಗಳು. ಆದಕಾರಣ ಈ ಕಿಣ್ವವನ್ನು ತಡೆದು ರೋಗವನ್ನು ಗುಣಪಡಿಸುವ ಯತ್ನಗಳು ಮಾನವಕೋಶಗಳ ಪ್ರತ್ಯೇಕ ಪರೀಕ್ಷೆಯನ್ನು ಅಪೇಕ್ಷಿಸುತ್ತವೆ.