ವರ್ಚುವಲ್ ರಿಯಾಲಿಟಿ ಶಸ್ತ್ರಚಿಕಿತ್ಸಾ ತರಬೇತಿಯಲ್ಲಿ ಉಪಕರಣಗಳ ಜಾಡು

ಕಂಪ್ಯೂಟರ್ ರೂಪಿಸಿದ ದೇಹದ ಮೇಲೆ ಶಸ್ತ್ರಚಿಕಿತ್ಸೆ ಕಲಿಯುವವರ ಕೈಯಲ್ಲಿನ ಉಪಕರಣ ಯಾವ ಕ್ಷಣ ಎಲ್ಲಿದೆ, ಯಾವ ಕಡೆ ವಾಲಿದೆ, ಎಷ್ಟು ತಿರುಗಿದೆ ಎಂದು ಅಳೆದು ಪರದೆಯ ಮೇಲೆ ಮೂಡಿಸುವ ತಂತ್ರ. ಗುರುವಿನ ಕಣ್ಣಂದಾಜಿಗೆ ಮಾತ್ರ ಸಿಗುತ್ತಿದ್ದ ಕೈಚಳಕವನ್ನು ಇದು ಅಂಕಿಗಳಲ್ಲಿ ಹಿಡಿದಿಟ್ಟಿತು.

ಇದರ ಅಗತ್ಯ ಎದ್ದುಕಂಡದ್ದು ಲ್ಯಾಪರೋಸ್ಕೋಪಿಯಿಂದ, ಅಂದರೆ ಸಣ್ಣ ರಂಧ್ರಗಳ ಮೂಲಕ ಉದ್ದನೆಯ ಉಪಕರಣ ತೂರಿಸಿ ಮಾಡುವ ಶಸ್ತ್ರಚಿಕಿತ್ಸೆಯಿಂದ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಹೊಟ್ಟೆಯನ್ನು ಅಗಲವಾಗಿ ಕೊಯ್ಯದೆ ಪಿತ್ತಕೋಶ ತೆಗೆದರು. ಮುಂದಿನ ದಶಕದಲ್ಲಿ ಈ ವಿಧಾನ ಜಗತ್ತಿನೆಲ್ಲೆಡೆ ಹರಡಿತು. ಉದರಭಿತ್ತಿಯ ಸಣ್ಣ ರಂಧ್ರವೇ ಇಲ್ಲಿ ಸನ್ನೆಕೋಲಿನ ಆನಿಕೆ. ಹಾಗಾಗಿ ಕೈ ಬಲಕ್ಕೆ ಸರಿದರೆ ಉಪಕರಣದ ತುದಿ ಎಡಕ್ಕೆ ಹೋಗುತ್ತದೆ. ಹಿಡಿಯನ್ನು ಮೇಲೆತ್ತಿದರೆ ತುದಿ ಕೆಳಗಿಳಿಯುತ್ತದೆ. ಈ ತಿರುವುಮುರುವನ್ನು ರೋಗಿಯ ಮೈಮೇಲೆ ಕಲಿಯುವುದು ತರವಲ್ಲ.

ಚಲನೆ ಅಳೆಯುವ ವಿದ್ಯೆ ಇದಕ್ಕಿಂತ ಹಳೆಯದು. 1968ರಲ್ಲಿ ಅಮೆರಿಕದ ಐವಾನ್ ಸದರ್ಲ್ಯಾಂಡ್ ತಲೆಗೆ ಧರಿಸುವ ಪರದೆಯನ್ನು ರೂಪಿಸಿ, ಚಾವಣಿಯಿಂದ ಇಳಿಬಿಟ್ಟ ಯಾಂತ್ರಿಕ ತೋಳಿನಿಂದ ತಲೆಯ ಚಲನೆ ಅಳೆದಿದ್ದರು. 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ಬಂದ ಮಿಸ್ಟ್-ವಿಆರ್ ಯಂತ್ರದಲ್ಲಿ ಎರಡು ಲ್ಯಾಪರೋಸ್ಕೋಪಿ ಉಪಕರಣಗಳನ್ನು ಚೌಕಟ್ಟಿಗೆ ಜೋಡಿಸಿ, ಕೀಲುಗಳಲ್ಲಿ ಸೆನ್ಸರ್ ಇಟ್ಟಿದ್ದರು. ಕಲಿಯುವವರು ಪರದೆಯ ಮೇಲಿನ ಚೆಂಡನ್ನು ಹಿಡಿದು ಪೆಟ್ಟಿಗೆಯಲ್ಲಿರಿಸಬೇಕು. ಹಿಡಿದ ಸಮಯ, ಆದ ತಪ್ಪು, ಅನಗತ್ಯ ಚಲನೆ ಎಲ್ಲವೂ ಲೆಕ್ಕಕ್ಕೆ ಸಿಗುತ್ತಿದ್ದವು.

ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅರಾ ದಾರ್ಜಿ ಅವರ ತಂಡ ಅಂಗೈಯ ಹಿಂಬದಿಗೆ ವಿದ್ಯುತ್ಕಾಂತೀಯ ಸೆನ್ಸರ್ ಅಂಟಿಸಿ, ಕೈ ಸಾಗಿದ ದೂರವನ್ನೂ ಚಲನೆಗಳ ಸಂಖ್ಯೆಯನ್ನೂ ಎಣಿಸಿತು. ನುರಿತವರ ಕೈ ಕಡಿಮೆ ಸಲ ಅಲುಗುತ್ತದೆ, ಕಡಿಮೆ ದೂರ ಸಾಗುತ್ತದೆ. ಆದರೆ ಹತ್ತಿರದಲ್ಲಿ ಲೋಹವಿದ್ದರೆ ಕಾಂತಕ್ಷೇತ್ರ ಕದಡಿ ಅಳತೆ ತಪ್ಪುವುದು ಈ ವಿಧಾನದ ತೊಡಕು.

ಅಭ್ಯಾಸದ ಫಲ ಆಪರೇಷನ್ ಥಿಯೇಟರಿನಲ್ಲೂ ಕಾಣುವುದೇ? 2002ರಲ್ಲಿ ಪ್ರಕಟವಾದ ಯೇಲ್ ವಿಶ್ವವಿದ್ಯಾಲಯದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಅದರಲ್ಲಿದ್ದ 16 ಕಿರಿಯ ವೈದ್ಯರ ಪೈಕಿ ಮಿಸ್ಟ್-ವಿಆರ್‌ನಲ್ಲಿ ಪಳಗಿದವರು ಪಿತ್ತಕೋಶ ಬಿಡಿಸುವ ಕೆಲಸವನ್ನು ಶೇ. 29ರಷ್ಟು ಬೇಗ ಮುಗಿಸಿದರು. ಉಳಿದವರು ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಬೇರೆ ಅಂಗಾಂಶ ಸುಡುವ ಸಂಭವ 5 ಪಟ್ಟು ಹೆಚ್ಚಿತ್ತು.

2016ರಲ್ಲಿ ಮಾರುಕಟ್ಟೆಗೆ ಬಂದ ಎಚ್‌ಟಿಸಿ ವೈವ್ ಕೋಣೆಯಲ್ಲಿ ಅತಿಗೆಂಪು ಲೇಸರ್ ಹಾಯಿಸಿ ಹಿಡಿಕೆಯ ಜಾಗ ಗುರುತಿಸಿತು. ಇಂಥ ಸಾಧನಗಳಿಂದ ತರಬೇತಿ ಅಗ್ಗವಾಯಿತು. ಆದರೂ ಆಟದ ಹಿಡಿಕೆಗೆ ನಿಜವಾದ ಇಕ್ಕಳದ ತೂಕವಿಲ್ಲ, ಎಳೆದಾಗ ಅಂಗಾಂಶ ಒಡ್ಡುವ ಬಿಗಿತವಿಲ್ಲ. ಬೆರಳಿಗೆ ಬಲದ ಅನುಭವ ಕೊಡುವ ಯಂತ್ರಗಳು ಎಂಐಟಿಯ ಫ್ಯಾಂಟಮ್‌ನಿಂದ ಮೊದಲ್ಗೊಂಡು 1990ರ ದಶಕದಿಂದಲೇ ಇವೆ. ಉಪಕರಣ ಎಲ್ಲಿದೆ ಎಂಬುದರ ಜೊತೆಗೆ ಅದು ಎಷ್ಟು ಒತ್ತುತ್ತಿದೆ ಎಂಬುದೂ ಅಳತೆಗೆ ಸಿಕ್ಕಾಗಲೇ ತರಬೇತಿ ಪೂರ್ಣ.