ಗವಾನನ ಊರಿನಲ್ಲಿ ಫಲಾಫಲ್

ಬೀದರಿನ ಮದರಸಾ ನೋಡಿ ಬಂದ ಸಂಜೆ, ಶವರ್ಮಾ ಮಾರುವ ಸಣ್ಣ ಹೋಟೆಲೊಂದರಲ್ಲಿ ಫಲಾಫಲ್ ತಿನ್ನುತ್ತಿದ್ದೆ. ಪಕ್ಕದ ಮೇಜಿನಲ್ಲಿ ನಾನ್ ಮುರಿಯುತ್ತಿದ್ದ ಹಿರಿಯರು, 'ಇದೆಲ್ಲ ಹೊರಗಿನ ತಿಂಡಿ' ಎಂದರು. ಈ ಊರಿನಲ್ಲಿ 'ಹೊರಗಿನದು' ಎಂಬ ಮಾತಿಗೆ ದೊಡ್ಡ ಚರಿತ್ರೆಯೇ ಇದೆ.

ನೆಟ್ಟಗೆ ನಿಲ್ಲಿಸಿದ ಕಂಬಿಯಲ್ಲಿ ಮಾಂಸ ತಿರುಗಿಸಿ ಸುಡುವ ಪದ್ಧತಿ 19ನೇ ಶತಮಾನದ ಆಟೊಮನ್ ತುರ್ಕಿಯದು. ಅರಬರಲ್ಲಿ ಅದು ಶವರ್ಮಾ, ಗ್ರೀಸಿನಲ್ಲಿ ಗೀರೋಸ್. ಎರಡು ಹೆಸರಿಗೂ ಮೂಲದಲ್ಲಿ 'ತಿರುಗು' ಎಂದೇ ಅರ್ಥ. ಫಲಾಫಲ್ ನಮಗೆ ಇನ್ನೂ ಹತ್ತಿರ: ನೆನೆಸಿದ ಕಡಲೆಯನ್ನು ಬೇಯಿಸದೆ ರುಬ್ಬಿ ಕರಿಯುವುದು, ಕಡಲೆಬೇಳೆ ವಡೆಯ ಹಾಗೆಯೇ. ಭಾಲ್ಕಿ, ಔರಾದಗಳ ಕಪ್ಪು ನೆಲದಲ್ಲಿ ಹಿಂಗಾರಿಗೆ ಬೆಳೆಯುವ ಕಡಲೆಯ ತವರೂ ಇಂದಿನ ತುರ್ಕಿಯ ಆಗ್ನೇಯ ಭಾಗ. ಅದನ್ನು ಯಾರೂ ಹೊರಗಿನ ಕಾಳು ಎನ್ನುವುದಿಲ್ಲ.

1472ರಲ್ಲಿ ಆ ಮದರಸಾ ಕಟ್ಟಿಸಿದ ಮಹಮೂದ್ ಗವಾನ್, ಇರಾನಿನ ಗೀಲಾನಿನಿಂದ ವ್ಯಾಪಾರಕ್ಕೆ ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು. ಆಸ್ಥಾನ ಆಗ ಎರಡಾಗಿ ಒಡೆದಿತ್ತು: ಮೊದಲೇ ನೆಲೆನಿಂತ ದಖನಿಗಳು, ಆಮೇಲೆ ಬಂದ ಆಫಾಕಿಗಳು. ದಖನಿಗಳಲ್ಲಿಯೂ ಹಲವರ ಪೂರ್ವಿಕರು ಉತ್ತರದಿಂದ ವಲಸೆ ಬಂದವರೇ. ನಡುವಿನ ಅಂತರ ಕೆಲವು ತಲೆಮಾರಿನದು. ವಿರೋಧಿಗಳು ಗವಾನನ ಮುದ್ರೆಯಿದ್ದ ಕಾಗದದಲ್ಲಿ ರಾಜದ್ರೋಹದ ಸುಳ್ಳು ಪತ್ರ ಸೃಷ್ಟಿಸಿದರು. 1481ರಲ್ಲಿ ಸುಲ್ತಾನ ಮೂರನೇ ಮಹಮ್ಮದ್ ಶಾ ಅವನನ್ನು ಕೊಲ್ಲಿಸಿದ. ಮರುವರ್ಷ ಸುಲ್ತಾನನೂ ತೀರಿಕೊಂಡ. ಮುಂದೆ ರಾಜ್ಯ ಐದು ಚೂರಾಯಿತು.

ಹಿರಿಯರಿಗೆ ಇದನ್ನೆಲ್ಲ ಹೇಳಲಿಲ್ಲ. ಅವರ ತಟ್ಟೆಯ 'ನಾನ್' ಪಾರಸಿ ಮಾತು; ರೊಟ್ಟಿ ಎಂದೇ ಅದರರ್ಥ. ಅದು ಬೀದರಿನದಾಗಿ ಎಷ್ಟೋ ಕಾಲವಾಯಿತು.