ಮೌನಕ್ಕೂ ಬಾಡಿಗೆ

ದೂರವಾಣಿಯಲ್ಲಿ ಇಬ್ಬರು ಮಾತನಾಡುವಾಗ ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ಕೇಳುತ್ತಾರೆ. ಅಂದರೆ ಹೋಗುವ ಹಾದಿ, ಬರುವ ಹಾದಿ ಎರಡರಲ್ಲಿ ಒಂದು ಬಹುತೇಕ ಸದಾ ಬರಿದಾಗಿಯೇ ಇರುತ್ತದೆ. ನಡುನಡುವೆ ಉಸಿರೆಳೆದುಕೊಳ್ಳುವುದು, ‘ಹೂಂ’ ಎಂದು ಸುಮ್ಮನಾಗುವುದು, ನಂಬರು ಬರೆದುಕೊಳ್ಳಲು ಪೆನ್ನು ಹುಡುಕುತ್ತಾ ಎದ್ದುಹೋಗುವುದು ಬೇರೆ. ಆದರೂ ಕರೆ ಮುಗಿಯುವವರೆಗೆ ಆ ಹಾದಿ ಅವರಿಬ್ಬರಿಗೇ ಮೀಸಲು, ಮೂರನೆಯವರು ಅದನ್ನು ಮುಟ್ಟುವಂತಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನ ದೂರವಾಣಿ ಗ್ರಾಹಕರು ಮಾತಿಗಷ್ಟೇ ಅಲ್ಲ, ಮೌನಕ್ಕೂ ಬಾಡಿಗೆ ತೆತ್ತರು.

ಈ ದುಂದನ್ನು ತಪ್ಪಿಸುವ ಉಪಾಯ 1960ರ ದಶಕದಲ್ಲೇ ಹೊಳೆದಿತ್ತು. ಅಮೆರಿಕದಲ್ಲಿ ಪಾಲ್ ಬರಾನ್, ಇಂಗ್ಲೆಂಡಿನಲ್ಲಿ ಡೊನಾಲ್ಡ್ ಡೇವಿಸ್, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆ, ಒಂದೇ ತೀರ್ಮಾನಕ್ಕೆ ಬಂದರು: ಸಂದೇಶವನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನ ಮೇಲೂ ವಿಳಾಸ ಬರೆದರೆ, ಒಂದೇ ತಂತಿಯಲ್ಲಿ ಎಲ್ಲರ ತುಂಡುಗಳೂ ಹೋಗಬಹುದು. ಯಾರೂ ಬಳಸದ ಹೊತ್ತು ವ್ಯರ್ಥವಾಗುವುದಿಲ್ಲ. ಆ ತುಂಡಿಗೆ ‘ಪ್ಯಾಕೆಟ್’ ಎಂದು ಹೆಸರಿಟ್ಟವರು ಡೇವಿಸ್. ಇಷ್ಟಾಗಿಯೂ ದೂರವಾಣಿ ಸಂಸ್ಥೆಗಳು ತಮ್ಮ ಊರಿಂದೂರಿನ ಹೆದ್ದಾರಿಗಳನ್ನು ಪ್ಯಾಕೆಟ್ಟಿಗೆ ಒಪ್ಪಿಸಲು ಮತ್ತೆ ನಾಲ್ಕು ದಶಕ ಹಿಡಿಯಿತು. ಅದನ್ನು ಹಟಮಾರಿತನವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಆ ಸಂಸ್ಥೆಗಳು ಗ್ರಾಹಕರಿಗೆ ಮಾತು ಕೊಟ್ಟಿದ್ದವು. ಪ್ಯಾಕೆಟ್ ಯಾರಿಗೂ ಮಾತು ಕೊಟ್ಟಿರಲಿಲ್ಲ.

ಆ ಮಾತು ಎಂಥದೆಂದು ತಿಳಿಯಲು ದೂರವಾಣಿಯ ಲೆಕ್ಕಾಚಾರವನ್ನು ನೋಡಬೇಕು. ಮನುಷ್ಯನ ದನಿಯನ್ನು ಅಂಕಿಗಳಾಗಿ ಬದಲಿಸಲು ಅದನ್ನು ಸೆಕೆಂಡಿಗೆ 8,000 ಬಾರಿ ಅಳೆಯುತ್ತಾರೆ. ಪ್ರತಿ ಅಳತೆಗೂ 8 ಬಿಟ್. ಒಟ್ಟು ಸೆಕೆಂಡಿಗೆ 64,000 ಬಿಟ್. 1962ರಲ್ಲಿ ಅಮೆರಿಕದ ಬೆಲ್ ಸಂಸ್ಥೆ ಹೀಗೆ ಅಳೆದ 24 ಕರೆಗಳನ್ನು ಒಂದೇ ಮಾರ್ಗದಲ್ಲಿ ಸಾಲಾಗಿ ಕೂರಿಸಿತು. ಯೂರೋಪು, ಭಾರತಗಳಲ್ಲಿ ಬಂದದ್ದು 30 ಕರೆಗಳ ಸಾಲು. 1986ರ ಜುಲೈಯಲ್ಲಿ ಸಿ-ಡಾಟ್ ಸಂಸ್ಥೆಯ ಗ್ರಾಮೀಣ ವಿನಿಮಯ ಕೇಂದ್ರ ಮೊಟ್ಟಮೊದಲು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ ಕೆಲಸ ಆರಂಭಿಸಿತಲ್ಲ, 128 ತಂತಿಗಳ ಆ ಪುಟ್ಟ ಪೆಟ್ಟಿಗೆಯೊಳಗೂ ನಡೆದದ್ದು ಇದೇ 64,000ದ ಲೆಕ್ಕ.

ಗಾಜಿನ ಎಳೆ, ಅಂದರೆ ಆಪ್ಟಿಕಲ್ ಫೈಬರ್ ಬಂದಾಗ ಈ ಶಿಸ್ತು ಇನ್ನೂ ಬಿಗಿಯಾಯಿತು. 1988ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ರೂಪ ಪಡೆದ ಎಸ್‌ಡಿಎಚ್ ಎಂಬ ಪದ್ಧತಿಯನ್ನು ವೇಳೆ ತಪ್ಪದ ಗೂಡ್ಸ್ ಗಾಡಿ ಎಂದು ಕಲ್ಪಿಸಿಕೊಳ್ಳಬಹುದು. ಸೆಕೆಂಡಿಗೆ 8,000 ಗಾಡಿಗಳು. ಮೊದಲ ದರ್ಜೆಯ ಗಾಡಿಯಲ್ಲಿ 2,430 ಬೈಟುಗಳ ಜಾಗ. ಯಾವ ವ್ಯಾಗನ್ ಯಾರದು ಎಂಬುದು ಮೊದಲೇ ಗೊತ್ತು, ಸರಕು ಇರಲಿ ಬಿಡಲಿ ಗಾಡಿ ಹೊರಡುತ್ತದೆ. ಸಾಮಾನ್ಯವಾಗಿ ಫೈಬರನ್ನು ಉಂಗುರದಂತೆ ಹಾಸಿರುತ್ತಾರೆ. ರಸ್ತೆ ಅಗೆಯುವವರು ಒಂದು ಕಡೆ ಅದನ್ನು ಕತ್ತರಿಸಿದರೆ ಸಂಚಾರ ಉಂಗುರದ ಇನ್ನೊಂದು ದಿಕ್ಕಿಗೆ ತಿರುಗುತ್ತದೆ, ಅದೂ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ. ಮಾತನಾಡುತ್ತಿರುವವರಿಗೆ ಒಂದು ಸಣ್ಣ ‘ಟಕ್’ ಕೇಳಿಸೀತು, ಅಷ್ಟೆ. ವಿದ್ಯುತ್ ಜಾಲದ ರಕ್ಷಣಾ ಸಂಕೇತಗಳು, ರೈಲ್ವೆಯ ಸಂಪರ್ಕ, ಬ್ಯಾಂಕುಗಳ ವಹಿವಾಟು ಎಲ್ಲವೂ ಈ ಭರವಸೆಯ ಮೇಲೆ ನಿಂತವು.

ಇತ್ತ ಈಥರ್‌ನೆಟ್ಟಿನ ಹುಟ್ಟು ನೋಡಿದರೆ ಈ ಶಿಸ್ತಿನ ಮನೆತನಕ್ಕೆ ಅದನ್ನು ಸೇರಿಸಿಕೊಳ್ಳುವಂತೆಯೇ ಇರಲಿಲ್ಲ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ದ್ವೀಪಗಳ ನಡುವೆ ರೇಡಿಯೋ ಮೂಲಕ ಗಣಕಗಳನ್ನು ಬೆಸೆದಿದ್ದರು. ಹೇಳಬೇಕಾದವರು ಹೇಳಿಬಿಡುವುದು, ಇಬ್ಬರ ಮಾತು ಡಿಕ್ಕಿ ಹೊಡೆದರೆ ಸ್ವಲ್ಪ ತಡೆದು ಮತ್ತೆ ಹೇಳುವುದು. ಇದರಿಂದ ಸ್ಫೂರ್ತಿ ಪಡೆದ ರಾಬರ್ಟ್ ಮೆಟ್‌ಕಾಫ್ 1973ರ ಮೇ 22ರಂದು ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಒಂದು ಟಿಪ್ಪಣಿ ಬರೆದರು. ಕಚೇರಿಯ ಗಣಕಗಳನ್ನೆಲ್ಲ ಒಂದೇ ಕೇಬಲ್ಲಿಗೆ ಕಟ್ಟುವ ಯೋಜನೆ ಅದು. ಡೇವಿಡ್ ಬಾಗ್ಸ್ ಅವರ ಜೊತೆ ಸೇರಿ ಕಟ್ಟಿದ ಮೊದಲ ಜಾಲದ ವೇಗ ಸೆಕೆಂಡಿಗೆ 29.4 ಲಕ್ಷ ಬಿಟ್. ಅಧ್ಯಕ್ಷರಿಲ್ಲದ ಸಭೆ ಎನ್ನಬಹುದು: ಯಾರೂ ಮಾತನಾಡುತ್ತಿಲ್ಲವೆಂದು ಕಿವಿಗೊಟ್ಟು ಖಚಿತಪಡಿಸಿಕೊಂಡು ಬಾಯಿ ತೆರೆಯಬೇಕು, ಅಷ್ಟಾಗಿಯೂ ಇಬ್ಬರು ಒಟ್ಟಿಗೇ ತೆರೆದರೆ ಇಬ್ಬರೂ ಸುಮ್ಮನಾಗಿ ಕಾಯಬೇಕು. ಯಾವಾಗ ತಲುಪುತ್ತದೆ? ಗೊತ್ತಿಲ್ಲ. ತಲುಪುತ್ತದೆಯೇ? ಬಹುಮಟ್ಟಿಗೆ. ಆದರೆ ಅಗ್ಗ, ಸರಳ. ಮುಂದೆ ಸ್ವಿಚ್ಚುಗಳು ಬಂದು ಡಿಕ್ಕಿಯ ಕಾಟವೂ ತಪ್ಪಿದ ಮೇಲೆ ಜಗತ್ತಿನ ಕಚೇರಿಗಳನ್ನೆಲ್ಲ ಅದು ಆವರಿಸಿತು.

ಈ ಎರಡು ಕುಲಗಳಿಗೆ ನಂಟು ಬೆಳೆಸುವ ಮೊದಲ ದೊಡ್ಡ ಪ್ರಯತ್ನ ದೂರವಾಣಿಯವರದೇ. ಅದರ ಹೆಸರು ಎಟಿಎಂ. ಬ್ಯಾಂಕಿನ ನೋಟಿನ ಯಂತ್ರವಲ್ಲ, ಸಣ್ಣ, ಒಂದೇ ಅಳತೆಯ ಪ್ಯಾಕೆಟ್ಟುಗಳ ಸಾಗಣೆ ಪದ್ಧತಿ. ಆ ಅಳತೆ ಎಷ್ಟಿರಬೇಕು ಎಂಬಲ್ಲಿ ಜಗಳ ಹತ್ತಿತು. ಗಣಕದ ಮಾಹಿತಿಯತ್ತ ಕಣ್ಣಿಟ್ಟಿದ್ದ ಅಮೆರಿಕದವರು 64 ಬೈಟ್ ಎಂದರು. ಯೂರೋಪಿನವರು, ಅದರಲ್ಲೂ ಫ್ರಾನ್ಸಿನವರು, 32 ಎಂದರು. ಪೆಟ್ಟಿಗೆ ದೊಡ್ಡದಾದಷ್ಟೂ ಅದು ದನಿಯಿಂದ ತುಂಬಲು ಹೊತ್ತು ಹಿಡಿಯುತ್ತದೆ. ಆ ತಡದಿಂದ ಮಾತಿನ ಪ್ರತಿಧ್ವನಿ ಕೇಳಿಸತೊಡಗುತ್ತದೆ. ವಿಶಾಲವಾದ ಅಮೆರಿಕದಲ್ಲಿ ಪ್ರತಿಧ್ವನಿ ಅಡಗಿಸುವ ಸಾಧನಗಳು ಹೇಗೂ ಇದ್ದವು, ಫ್ರಾನ್ಸಿನಂಥ ದೇಶಕ್ಕೆ ಅದು ಹೊಸ ಖರ್ಚು. 1989ರಲ್ಲಿ ಚೌಕಾಸಿ ಮುಗಿದಾಗ ಎರಡರ ನಡುವಿನ ಸಂಖ್ಯೆ ಆಯ್ಕೆಯಾಯಿತು: 48 ಬೈಟ್ ಸರಕು, ಅದರ ಮೇಲೆ 5 ಬೈಟ್ ವಿಳಾಸ, ಒಟ್ಟು 53. ಯಾರ ಲೆಕ್ಕಕ್ಕೂ ಸರಿಹೊಂದದ ಈ ಸಂಖ್ಯೆ ಗಣಿತದಿಂದ ಬಂದದ್ದಲ್ಲ, ಪಂಚಾಯಿತಿಯಿಂದ ಬಂದದ್ದು. ಹೊರುವ ಭಾರದಲ್ಲಿ ನೂರಕ್ಕೆ ಒಂಬತ್ತಕ್ಕಿಂತ ಹೆಚ್ಚು ಪಾಲು ವಿಳಾಸಕ್ಕೇ ಹೋಗುತ್ತಿತ್ತು. ಎಟಿಎಂ ಒಂದಷ್ಟು ಕಾಲ ಮೆರೆಯಿತು. ಹುಬ್ಬಳ್ಳಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಗುರುರಾಜ ದೇಶಪಾಂಡೆ ಅವರು 1990ರಲ್ಲಿ ಕಟ್ಟಿದ ಕ್ಯಾಸ್ಕೇಡ್ ಸಂಸ್ಥೆ ಫ್ರೇಮ್ ರಿಲೇ ಮತ್ತು ಎಟಿಎಂ ಸ್ವಿಚ್ಚುಗಳಿಂದಲೇ ಹೆಸರು ಮಾಡಿ, 1997ರಲ್ಲಿ ಸುಮಾರು 370 ಕೋಟಿ ಡಾಲರಿಗೆ ಮಾರಾಟವಾಯಿತು. ಆದರೆ ಕಚೇರಿಯ ಮೇಜಿನ ತನಕ ಬರಲು ಎಟಿಎಂಗೆ ಆಗಲಿಲ್ಲ. ಅಲ್ಲಿ ಆಗಲೇ ಈಥರ್‌ನೆಟ್ ಕಾಲು ಚಾಚಿ ಕುಳಿತಿತ್ತು.

ಹಾಗಿದ್ದರೆ ಆ ಈಥರ್‌ನೆಟ್ಟನ್ನೇ ಕಚೇರಿಯ ಗೋಡೆ ದಾಟಿಸಿ ಊರಿಂದೂರಿಗೆ ಏಕೆ ಒಯ್ಯಬಾರದು? ಮಾತಿಗಿಂತ ಗಣಕಗಳ ಮಾಹಿತಿಯೇ ಹೆಚ್ಚಾಗುತ್ತಿದ್ದ ಕಾಲದಲ್ಲಿ ಈ ಪ್ರಶ್ನೆ ಎದ್ದದ್ದು ಸಹಜ. 2001ರಲ್ಲಿ ಮೆಟ್ರೋ ಈಥರ್‌ನೆಟ್ ಫೋರಂ ಎಂಬ ಉದ್ಯಮದ ಕೂಟ ಹುಟ್ಟಿತು. ‘ಕ್ಯಾರಿಯರ್ ಈಥರ್‌ನೆಟ್’ ಎಂಬ ಹೆಸರು ಚಾಲ್ತಿಗೆ ಬಂತು. 2002ರಲ್ಲಿ ಸೆಕೆಂಡಿಗೆ ಸಾವಿರ ಕೋಟಿ ಬಿಟ್ಟಿನ ಈಥರ್‌ನೆಟ್ ಸಿದ್ಧವಾದಾಗ ಅದರ ಒಂದು ರೂಪವನ್ನು ದೂರವಾಣಿ ಹೆದ್ದಾರಿಯ ವೇಗಕ್ಕೆ ಸರಿಯಾಗಿ ಕತ್ತರಿಸಿ ಹೊಲಿಯಲಾಗಿತ್ತು. ವರಸಾಮ್ಯ ಚೆನ್ನಾಗಿಯೇ ಇತ್ತು. ಕೊರತೆ ಇದ್ದದ್ದು ನಡತೆಯಲ್ಲಿ.

ಮೊದಲನೆಯದು, ದಾರಿ ಮುರಿದಾಗ ಏನು ಮಾಡುವುದು? ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದ ಜಾಣ ವಿಧಾನವೊಂದು ಕಚೇರಿ ಜಾಲಗಳನ್ನು ಕಾಯುತ್ತಿತ್ತು. ಅದು ಹೊಸ ದಾರಿ ಕಂಡುಕೊಳ್ಳಲು ಅರ್ಧ ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ಕಚೇರಿಯಲ್ಲಿ ಅದು ಒಂದು ಗುಟುಕು ಕಾಫಿಯ ಹೊತ್ತು. ನಗರದ ಹೆದ್ದಾರಿಯಲ್ಲಿ ಲಕ್ಷಾಂತರ ಕರೆಗಳ ಸಾವು. ಇದಕ್ಕೆ ಪರಿಹಾರವಾಗಿ ಈಥರ್‌ನೆಟ್ಟಿಗೆ ನಾಡಿಬಡಿತ ಕಲಿಸಿದರು. 2006-07ರಲ್ಲಿ ಬಂದ ನಿಯಮಗಳ ಪ್ರಕಾರ ಯಂತ್ರಗಳು ಸೆಕೆಂಡಿಗೆ ಮುನ್ನೂರು ಬಾರಿಯವರೆಗೂ ‘ಇದ್ದೇನೆ’ ಎಂದು ಒಂದಕ್ಕೊಂದು ಹೇಳಿಕೊಳ್ಳಬಹುದು. ಸತತವಾಗಿ ಮೂರು ಬಡಿತ ತಪ್ಪಿದರೆ ದಾರಿ ಮುರಿದಿದೆ ಎಂದರ್ಥ. ಮೊದಲೇ ಗೊತ್ತುಮಾಡಿಟ್ಟ ಇನ್ನೊಂದು ದಾರಿಗೆ ಹಾರಬೇಕು. ವಿಳಾಸಗಳ ಗೊಂದಲಕ್ಕೆ ಸಿಕ್ಕ ಪರಿಹಾರ ಅಂಚೆಯವರಿಗೆ ಹಳೆಯದು: ಗ್ರಾಹಕರ ಲಕೋಟೆಗಳನ್ನೆಲ್ಲ ಚೀಲಕ್ಕೆ ತುಂಬಿ, ದಾರಿಯಲ್ಲಿರುವವರು ಚೀಲದ ಚೀಟಿಯನ್ನಷ್ಟೇ ಓದಿದರೆ ಸಾಕೆಂದು ಮಾಡುವುದು.

ಎಲ್ಲಕ್ಕಿಂತ ತೊಡಕಿನ ಕೊರತೆ ಯಾರ ಕಣ್ಣಿಗೂ ಬೀಳದಂಥದು. ಅದು ಗಡಿಯಾರ. ಎಸ್‌ಡಿಎಚ್ ಜಾಲದಲ್ಲಿ ಗಾಡಿಗಳು ವೇಳೆ ತಪ್ಪದೆ ಓಡುತ್ತಿದ್ದುದರಿಂದ, ಅವುಗಳ ಓಟವೇ ಊರೂರಿಗೆ ಗಡಿಯಾರದ ತಾಳವನ್ನು ಮುಟ್ಟಿಸುತ್ತಿತ್ತು. ಅದಕ್ಕೆ ಪ್ರತ್ಯೇಕ ಬೆಲೆ ಕಟ್ಟುವ ಅಗತ್ಯವೇ ಬಿದ್ದಿರಲಿಲ್ಲ. ಈಥರ್‌ನೆಟ್ಟಿನಲ್ಲಿ ಪ್ರತಿ ಯಂತ್ರಕ್ಕೂ ತನ್ನದೇ ಸ್ಫಟಿಕದ ಗಡಿಯಾರ. ಹತ್ತು ಲಕ್ಷಕ್ಕೆ ನೂರರಷ್ಟು ಹೆಚ್ಚುಕಡಿಮೆಯಾದರೂ ನಿಯಮ ಒಪ್ಪುತ್ತಿತ್ತು. ಮೊಬೈಲ್ ಗೋಪುರಗಳಿಗೆ ಅದು ಸಾಲದು. ಅವುಗಳ ರೇಡಿಯೋ ತರಂಗಾಂತರ ನೂರು ಕೋಟಿಗೆ ಐವತ್ತಕ್ಕಿಂತ ಹೆಚ್ಚು ತಪ್ಪಬಾರದು. ತಪ್ಪಿದರೆ ಬಸ್ಸಿನಲ್ಲಿ ಹೋಗುವವರ ಕರೆ ಒಂದು ಗೋಪುರದಿಂದ ಇನ್ನೊಂದಕ್ಕೆ ದಾಟುವಾಗ ಕಡಿದು ಬೀಳುತ್ತದೆ. ಹಳೆಯ ಜಾಲವನ್ನು ಕಿತ್ತರೆ ಅದರೊಂದಿಗೆ ತಾಳವೂ ಹೋಗುತ್ತದೆ ಎಂಬುದು ಹೊಸದನ್ನು ಹಾಸಲು ಹೊರಟವರಿಗೆ ಬಿಸಿ ಮುಟ್ಟಿಸಿತು. ಕೊನೆಗೆ ಈಥರ್‌ನೆಟ್ಟಿನ ಬಿಟ್ಟುಗಳ ಓಟವನ್ನೇ ಒಂದು ತಾಯಿ ಗಡಿಯಾರಕ್ಕೆ ಬಿಗಿದರು. ಜೊತೆಗೆ, 2002ರಲ್ಲಿ ಬಂದು 2008ರಲ್ಲಿ ತಿದ್ದಿದ ಐಇಇಇ 1588 ಎಂಬ ನಿಯಮದಂತೆ, ವೇಳೆಯನ್ನೇ ಪ್ಯಾಕೆಟ್ಟಿನಲ್ಲಿ ಬರೆದು ಕಳಿಸುವ ಕ್ರಮವೂ ಬಳಕೆಗೆ ಬಂತು.

ಇಷ್ಟೆಲ್ಲ ಆದ ಮೇಲೆ ಉಳಿದದ್ದು ಯಜಮಾನಿಕೆಯ ವ್ಯಾಜ್ಯ. ಒಂದು ಪಕ್ಷ ಈಥರ್‌ನೆಟ್ಟನ್ನೇ ತಿದ್ದಿ ಸಾಗಣೆಗೆ ಹೂಡೋಣ ಎಂದಿತು. ಇದರ ಮುಂದಾಳು ಕೆನಡಾದ ನಾರ್ಟೆಲ್. 2007ರ ಜನವರಿಯಲ್ಲಿ ಬ್ರಿಟಿಷ್ ಟೆಲಿಕಾಂ ತನ್ನ ಹೊಸ ಜಾಲಕ್ಕೆ ಆ ದಾರಿಯನ್ನು ಆರಿಸಿಕೊಂಡಿತಾದರೂ ಮುಂದೆ ಹಿಂದೆ ಸರಿಯಿತು. 2009ರ ಜನವರಿಯಲ್ಲಿ ನಾರ್ಟೆಲ್ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಇನ್ನೊಂದು ಪಕ್ಷ ಇಂಟರ್‌ನೆಟ್ ರೂಟರುಗಳ ಚೀಟಿ ಪದ್ಧತಿಯಾದ ಎಂಪಿಎಲ್‌ಎಸ್ಸನ್ನು ನೆಚ್ಚಿತು. 2006ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಅದನ್ನು ತನಗೆ ಬೇಕಾದಂತೆ ಮಾರ್ಪಡಿಸಿ ಹೊರಟಾಗ, ಎಂಪಿಎಲ್‌ಎಸ್ಸಿನ ಹಕ್ಕುದಾರರಾದ ಇಂಟರ್‌ನೆಟ್ ಎಂಜಿನಿಯರುಗಳ ಕೂಟ ಐಇಟಿಎಫ್ ಕಿಡಿಕಿಡಿಯಾಯಿತು. ಒಂದೇ ಚೀಟಿಗೆ ಎರಡು ಊರಲ್ಲಿ ಎರಡು ಅರ್ಥವಾದರೆ ಜಾಲ ಉಳಿಯುವುದುಂಟೇ ಎಂಬ ಅದರ ಆತಂಕ ಸುಳ್ಳಲ್ಲ. 2008ರಲ್ಲಿ ರಾಜಿಯಾಯಿತು: ಇಬ್ಬರ ಬೇಡಿಕೆಯಂತೆ ಎಂಪಿಎಲ್‌ಎಸ್-ಟಿಪಿ ಎಂಬುದನ್ನು ಐಇಟಿಎಫ್ ರಚಿಸಿಕೊಡಬೇಕು. ರಾಜಿಯ ಶಾಯಿ ಒಣಗಿ ಹೆಚ್ಚು ಕಾಲವಾಗಿರಲಿಲ್ಲ, ನಾಡಿಬಡಿತದ ಸಂದೇಶ ಯಾವ ರೂಪದಲ್ಲಿರಬೇಕು ಎಂಬಲ್ಲಿ ಮತ್ತೆ ಬಿರುಕು. ಚೀನಾದ ಸಂಸ್ಥೆಗಳು ಈಥರ್‌ನೆಟ್ ಮಾದರಿಯನ್ನು ಎತ್ತಿಹಿಡಿದರೆ ಇಂಟರ್‌ನೆಟ್ಟಿನವರು ತಮ್ಮದನ್ನೇ ಎಂದರು. 2012ರಲ್ಲಿ ಎರಡಕ್ಕೂ ಮುದ್ರೆ ಬಿತ್ತು. ಎಟಿಎಂ ಕಾಲದಲ್ಲಿ 32, 64ರ ನಡುವೆ 48 ಎಂಬುದಾದರೂ ಸಿಕ್ಕಿತ್ತು. ಈ ಸಲ ಅಂಥ ಸಂಖ್ಯೆಯೂ ಇರಲಿಲ್ಲ.

ಜಾಲ ಕಟ್ಟುವವರು ತೀರ್ಪಿಗಾಗಿ ಕಾಯುತ್ತ ಕೂರಲಿಲ್ಲ. 2000ದಲ್ಲಿ ದೇಶಪಾಂಡೆಯವರ ಬೆಂಬಲದಿಂದ ಬೆಂಗಳೂರಿನಲ್ಲಿ ಹುಟ್ಟಿದ ತೇಜಸ್ ನೆಟ್‌ವರ್ಕ್ಸ್ ಸೇರಿದಂತೆ ಹಲವು ಸಂಸ್ಥೆಗಳು ಎಸ್‌ಡಿಎಚ್ ಮತ್ತು ಪ್ಯಾಕೆಟ್ ಎರಡನ್ನೂ ಹೊರಬಲ್ಲ ಪೆಟ್ಟಿಗೆಗಳನ್ನು ತಯಾರಿಸಿದವು. ಹಳೆಯದನ್ನು ಒಂದೇ ಏಟಿಗೆ ಎಸೆಯಲು ಯಾವ ಸಂಸ್ಥೆಯ ಖಜಾನೆಯೂ ಒಪ್ಪುವುದಿಲ್ಲ ಎಂಬುದು ಈ ವ್ಯಾಪಾರದ ಮೊದಲ ಪಾಠ.

ಹಳೆಯ 30 ಕರೆಗಳ ಸಾಲನ್ನು ಬಿಡಲಾರದವರಿಗಾಗಿ ಐಇಟಿಎಫ್ 2006ರಲ್ಲೇ ಒಂದು ಏರ್ಪಾಟು ಪ್ರಕಟಿಸಿತ್ತು. ಸಾಲಿನಲ್ಲಿ ಹರಿಯುವುದನ್ನು ಬಿಚ್ಚಿ ನೋಡದೆ, 256 ಬೈಟಿಗೊಮ್ಮೆ ಕತ್ತರಿಸಿ, ಪ್ಯಾಕೆಟ್ ಕಟ್ಟಿ ಕಳಿಸುವುದು; ಆ ಕಡೆ ಬಿಚ್ಚಿ ಮೊದಲಿನಂತೆ ಜೋಡಿಸುವುದು. ಲೆಕ್ಕ ಹಾಕಿದರೆ ಸೆಕೆಂಡಿಗೆ ಸರಿಯಾಗಿ ಸಾವಿರ ಪ್ಯಾಕೆಟ್. ಮೂವತ್ತು ತಂತಿಗಳಲ್ಲಿ ಒಬ್ಬರೂ ಮಾತನಾಡದಿದ್ದರೂ ಆ ಸಾವಿರ ಪ್ಯಾಕೆಟ್ಟುಗಳು ಹೊರಡುತ್ತವೆ.